ಬಾಂಬ್ ಕಾಯಲು ಹೋದ ಉಪಗ್ರಹಕ್ಕೆ ಕಂಡ ಮಿಂಚು

1963ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಒಂದು ಒಪ್ಪಂದ ಮಾಡಿಕೊಂಡವು. ಇನ್ನು ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಇಲ್ಲ ಅಂತ. ಸಹಿ ಹಾಕಿದ ಮಾತ್ರಕ್ಕೆ ನಂಬಿಕೆ ಬರುತ್ತದೆಯೇ? ಯಾರಾದರೂ ಕದ್ದುಮುಚ್ಚಿ ಸಿಡಿಸಿದರೆ ಹಿಡಿಯಲೆಂದು ಅಮೆರಿಕ ‘ವೇಲಾ’ ಉಪಗ್ರಹಗಳನ್ನು ಹಾರಿಸಿತು. ಬಾಂಬ್ ಸಿಡಿದರೆ ಗಾಮಾ ಕಿರಣ ಹೊರಬರುತ್ತದೆ, ಅದನ್ನು ಗುರುತಿಸುವುದು ಅವುಗಳ ಕೆಲಸ.

1967ರ ಜುಲೈ 2ರಂದು ಗಾಮಾ ಕಿರಣವೇನೋ ಬಂತು, ಬಾಂಬಿನದಲ್ಲ. ಮುಂದೆ ಇಂಥವು ಇನ್ನಷ್ಟು ಸಿಕ್ಕವು. ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ. ಲಾಸ್ ಅಲಮೋಸ್‌ನ ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಎಂಬ ಮೂವರು ಇದನ್ನು 1973ರಲ್ಲಿ ಪ್ರಕಟಿಸಿದರು.

ಅಲ್ಲಿಂದ 24 ವರ್ಷ ಬರೀ ವಾದ. ಇದು ನಮ್ಮ ಆಕಾಶಗಂಗೆಯ ಆಸುಪಾಸಿನದು ಅಂತ ಕೆಲವರು, ಅಲ್ಲ, ತೀರಾ ದೂರದ್ದು ಅಂತ ಇನ್ನು ಕೆಲವರು. ಮಿಂಚು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಬಂದ ಜಾಗ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. 1997ರ ಫೆಬ್ರವರಿ 28ರಂದು ಬೆಪ್ಪೋಸ್ಯಾಕ್ಸ್ ಎಂಬ ಉಪಗ್ರಹ ಒಂದು ಮಿಂಚನ್ನು ಹಿಡಿದು, ಕೆಲವು ಗಂಟೆ ಬಿಟ್ಟು ಮತ್ತೆ ಅಲ್ಲಿಗೇ ತಿರುಗಿ ನೋಡಿತು. ಎಕ್ಸ್‌ರೇ ಇನ್ನೂ ಬರುತ್ತಿತ್ತು! ಲಾ ಪಾಲ್ಮಾ ದ್ವೀಪದ ದೂರದರ್ಶಕಕ್ಕೆ ಅಲ್ಲೇ ಮಂಕಾಗುತ್ತಿದ್ದ ಬೆಳಕೂ ಕಂಡಿತು. ಒಲೆ ಆರಿದ ಮೇಲೆ ಕೆಂಡ ಉಳಿಯುತ್ತದಲ್ಲ, ಹಾಗೆ. ಇದನ್ನು ಉಳಿಬೆಳಕು ಎನ್ನೋಣ. ಅದೇ ವರ್ಷ ಮೇನಲ್ಲಿ ಸಿಕ್ಕ ಇನ್ನೊಂದು ಉಳಿಬೆಳಕನ್ನು ಹವಾಯಿಯ ಕೆಕ್ ದೂರದರ್ಶಕದಲ್ಲಿ ಅಳೆದಾಗ ವಾದ ತೀರಿತು. ಅದು ಸುಮಾರು 700 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕು.

ಇಂಥ ಉದ್ದನೆಯ ಮಿಂಚುಗಳು ಬರುವುದು ದೈತ್ಯ ನಕ್ಷತ್ರಗಳು ಕುಸಿದು ಸಾಯುವಾಗ. ಹಾಗಾದರೆ ವಿಶ್ವದ ಮೊದಮೊದಲ ನಕ್ಷತ್ರಗಳ ಸಾವೂ ಕಾಣಬೇಕಲ್ಲ?

ಕಂಡಿತು, 2009ರ ಏಪ್ರಿಲ್ 23ರಂದು. ನಾಸಾದ ಸ್ವಿಫ್ಟ್ ಉಪಗ್ರಹ ಸುಮಾರು ಹತ್ತು ಸೆಕೆಂಡಿನ ಮಿಂಚೊಂದನ್ನು ಹಿಡಿದು ಸುದ್ದಿ ಕಳಿಸಿತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹುಡುಕಿದರೆ ಏನೂ ಇಲ್ಲ. ಅತಿಗೆಂಪು ಕಿರಣದಲ್ಲಿ ನೋಡಿದರೆ ಇದೆ. ವಿಶ್ವ ಹಿಗ್ಗುತ್ತಿರುವುದರಿಂದ ಆ ಬೆಳಕು ದಾರಿಯಲ್ಲಿ 9 ಪಟ್ಟಿಗೂ ಹೆಚ್ಚು ಹಿಗ್ಗಿತ್ತು, ಒಂದು ಮಟ್ಟಕ್ಕಿಂತ ಚಿಕ್ಕ ಅಲೆಗಳನ್ನೆಲ್ಲ ನಡುವಿನ ಹೈಡ್ರೋಜನ್ ನುಂಗಿಹಾಕಿತ್ತು. ಬೆಳಕು ಎಲ್ಲಿ ಕತ್ತರಿಸಿದೆ ಎನ್ನುವುದರಿಂದಲೇ ಅದರ ವಯಸ್ಸು ಸಿಕ್ಕಿತು. ಈಗ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಆ ಬೆಳಕು ಹೊರಟಾಗ 63 ಕೋಟಿ.

ನನಗೆ ತುಂಬಾ ಹಿಡಿಸಿದ ಲೆಕ್ಕ ಬೇರೆ. ಬೆಳಕಿನ ಜೊತೆ ಕಾಲವೂ ಹಿಗ್ಗುತ್ತದೆ. ನಮ್ಮ ಒಂದು ದಿನದಲ್ಲಿ ಅಲ್ಲಿಯ ಎರಡೂವರೆ ಗಂಟೆಯಷ್ಟೇ ಕಳೆಯುತ್ತದೆ. ಅಂದರೆ ದೂರದ ಕೆಂಡ ನಮ್ಮ ಪಾಲಿಗೆ ನಿಧಾನವಾಗಿ ಆರುತ್ತದೆ. ಮೋಡ ಕವಿದು ಒಂದು ರಾತ್ರಿ ತಪ್ಪಿದರೂ ಮರುದಿನ ಸಿಗುವ ಅವಕಾಶವಿದೆ.

ಮಂಜಿನಲ್ಲಿ ಎದುರಿಗೆ ಲಾರಿ ಬಂದರೆ ಹೆಡ್‌ಲೈಟಿನಿಂದ ಮಂಜು ಎಷ್ಟು ದಟ್ಟ ಅಂತ ಗೊತ್ತಾಗುತ್ತದೆ. ಉಳಿಬೆಳಕಿನ ಕೆಲಸವೂ ಅದೇ. ಆಗಿನ ಅನಿಲ ಎಷ್ಟಿತ್ತು, ಅದರಲ್ಲಿ ಇಂಗಾಲ, ಕಬ್ಬಿಣ ಬೆರೆತಿತ್ತೇ ಎನ್ನುವುದನ್ನು ಅದು ತೋರಿಸುತ್ತದೆ. 2009ರ ನಕ್ಷತ್ರವಿದ್ದ ಗ್ಯಾಲಕ್ಸಿಯನ್ನು ಹಬಲ್ ದೂರದರ್ಶಕ ಆಮೇಲೆ ಹುಡುಕಿತು, ಕಾಣಲಿಲ್ಲ. ಅಷ್ಟು ಮಂಕು. ಮಿಂಚು ಬಾರದಿದ್ದರೆ ಅಲ್ಲೊಂದು ಗ್ಯಾಲಕ್ಸಿ ಇದೆಯೆಂದೇ ತಿಳಿಯುತ್ತಿರಲಿಲ್ಲ.

2025ರ ಮಾರ್ಚ್ 14ರಂದು ಚೀನಾ–ಫ್ರಾನ್ಸ್ ಉಪಗ್ರಹ ಸ್ವೋಮ್ ಇಂಥದ್ದೇ ಇನ್ನೊಂದನ್ನು ಹಿಡಿಯಿತು, ವಿಶ್ವಕ್ಕೆ 73 ಕೋಟಿ ವರ್ಷವಿದ್ದಾಗಿನದು. ಜೇಮ್ಸ್ ವೆಬ್ ದೂರದರ್ಶಕ ಆತುರಪಡದೆ ಜುಲೈ 1ರವರೆಗೆ ಕಾದು, ಸ್ಫೋಟಿಸಿದ ನಕ್ಷತ್ರವನ್ನೇ ನೋಡಿತು. ಅಷ್ಟು ಹಳೆಯದು ಬೇರೆ ಥರ ಇರಬಹುದು ಎಂಬ ನಿರೀಕ್ಷೆ ಇತ್ತು. ನೋಡಿದರೆ ನಮ್ಮ ಹತ್ತಿರದ, ಈಚಿನ ಕಾಲದ ನಕ್ಷತ್ರ ಸ್ಫೋಟಗಳಂತೆಯೇ ಇತ್ತು.