ಮೊದಲು ಕೆಲಸ, ಅಲ್ಲಿಯೇ ಪಾಠ

ಅಂಗವಿಕಲರು ಮೊದಲು ಕೆಲಸ ಕಲಿಯಬೇಕೋ, ಮೊದಲು ಕೆಲಸಕ್ಕೆ ಸೇರಬೇಕೋ? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ.

1959ರಲ್ಲಿ, ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು ಗೆಳೆಯರೊಡನೆ ಬೆಂಗಳೂರಿನಲ್ಲಿ ಎ.ಪಿ.ಡಿ. ಸಂಸ್ಥೆಯನ್ನು ಕಟ್ಟಿದರು. ಕಸಬು ಕಲಿತವರು ತಮ್ಮ ಅನ್ನ ತಾವೇ ದುಡಿಯಬಲ್ಲರೆಂದು ಅದು ತೋರಿಸಿತು. ಆದರೆ ಬೌದ್ಧಿಕ ವೈಕಲ್ಯವುಳ್ಳ ಅನೇಕರಿಗೆ ಒಂದೆಡೆ ಕಲಿತದ್ದನ್ನು ಇನ್ನೊಂದೆಡೆ ಬಳಸುವುದು ಕಷ್ಟ. ಆದ್ದರಿಂದ 1980ರ ದಶಕದಲ್ಲಿ ಅಮೆರಿಕದಲ್ಲಿ ಕ್ರಮವನ್ನೇ ತಿರುಗಿಸಿದರು: ಮೊದಲು ಸಂಬಳದ ಕೆಲಸ, ತರಬೇತಿ ಅಲ್ಲಿಯೇ. 1986ರಲ್ಲಿ ಅಲ್ಲಿನ ಕಾನೂನು ಇದಕ್ಕೆ ಮನ್ನಣೆ ನೀಡಿತು. ಇದೇ ಬೆಂಬಲಿತ ಉದ್ಯೋಗ.

ಇದನ್ನು ಒದಗಿಸುವವರು ಕೆಲಸವನ್ನು ಮೊದಲು ತಾವೇ ಮಾಡಿ ನೋಡುತ್ತಾರೆ. ಸಣ್ಣ ಹಂತಗಳಾಗಿ ಬಿಡಿಸುತ್ತಾರೆ. ಪಕ್ಕದಲ್ಲಿ ನಿಂತು ಕಲಿಸುತ್ತಾರೆ. ಕಲಿತಂತೆಲ್ಲ ಹಿಂದೆ ಸರಿಯುತ್ತಾರೆ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಬೆಂಗಳೂರಿನಲ್ಲಿ ಆರಂಭಿಸಿದ ಎನೇಬಲ್ ಇಂಡಿಯಾ, ಅಂಗವಿಕಲರ ಜೊತೆಗೆ ಕಂಪನಿಗಳನ್ನೂ ಸಿದ್ಧಗೊಳಿಸುತ್ತ ಬಂದಿದೆ.

2016ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರ ಮೀಸಲಾತಿಯನ್ನು ಶೇಕಡ 3ರಿಂದ 4ಕ್ಕೆ ಏರಿಸಿತು. ಆದರೆ ಮೊಸಳೆಯಂಥ ಊರಿನ ಯುವಕನಿಗೆ ಹಾಸನದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕರೆ, ಮೊದಲ ತಿಂಗಳು ಅವನ ಪಕ್ಕದಲ್ಲಿ ನಿಲ್ಲುವವರು ಯಾರು? ಆ ಕಸಬನ್ನು ನೀವೂ ಕಲಿಯಬಹುದು.