ಪುಕ್ಕಟೆ ಪತ್ರಿಕೆಯ ಬೆಲೆ

ತಿಂಗಳ ಮೊದಲ ವಾರ ಪತ್ರಿಕೆಯ ಹುಡುಗ ಬಿಲ್ಲು ಹಿಡಿದು ಬಾಗಿಲಲ್ಲಿ ನಿಂತಾಗ ನಮ್ಮ ತಂದೆಯವರು ಗೊಣಗದೆ ಹಣ ಕೊಟ್ಟದ್ದು ನನಗೆ ನೆನಪಿಲ್ಲ. ಹಣ ಕೊಟ್ಟವರಾದ್ದರಿಂದ ಪತ್ರಿಕೆಯ ಮೇಲೆ ಅವರಿಗೊಂದು ಅಧಿಕಾರವೂ ಇತ್ತು. ಅಚ್ಚಿನ ತಪ್ಪು ಕಂಡರೆ ಸಂಪಾದಕರಿಗೆ ಕಾರ್ಡು ಬರೆಯುವರು. ಒಂದು ದಿನ ಪತ್ರಿಕೆ ಬಾರದಿದ್ದರೆ ಬೆಳಗಿನ ಕಾಫಿ ಅವರಿಗೆ ರುಚಿಸುತ್ತಿರಲಿಲ್ಲ. ಪತ್ರಿಕೆಯನ್ನು ಪುಕ್ಕಟೆ ಹಂಚುವ ಊರೂ ಉಂಟೆಂದರೆ ಅವರು ನಂಬುತ್ತಿರಲಿಲ್ಲ.

ಅಂಥ ಊರನ್ನು ನಾನು ಕಂಡದ್ದು 2007ರಲ್ಲಿ, ಲಂಡನ್ನಿನಲ್ಲಿ. ಸಂಜೆ ಸುರಂಗ ರೈಲಿನ ನಿಲ್ದಾಣದೆದುರು ಒಬ್ಬ ಹುಡುಗ ನನ್ನ ಕೈಗೊಂದು ಪತ್ರಿಕೆ ತುರುಕಿದ. ನಾನು ಜೇಬಿಗೆ ಕೈಹಾಕುವಷ್ಟರಲ್ಲಿ ಇನ್ನೊಬ್ಬ ಇನ್ನೊಂದನ್ನು ಕೊಟ್ಟ. ಇಬ್ಬರಿಗೂ ಕಾಸು ಬೇಡ. ತುಸು ದೂರದಲ್ಲಿ ಐವತ್ತು ಪೆನ್ನಿಗೆ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಮಾರುವ ಮುದುಕನೊಬ್ಬ ಸುಮ್ಮನೆ ನಿಂತಿದ್ದ.

ಈ ಪದ್ಧತಿಗೆ ಹೆಸರು ತಂದದ್ದು ಸ್ವೀಡನ್ ದೇಶ. 1995ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನ ಸುರಂಗ ರೈಲು ನಿಲ್ದಾಣಗಳಲ್ಲಿ ‘ಮೆಟ್ರೋ’ ಎಂಬ ದಿನಪತ್ರಿಕೆ ಕಾಣಿಸಿಕೊಂಡಿತು. ಲೆಕ್ಕಾಚಾರ ಸರಳ. ಕೆಲಸಕ್ಕೆ ಹೋಗುವವನು ರೈಲಿನಲ್ಲಿ ಇಪ್ಪತ್ತು ನಿಮಿಷ ಕೂರುತ್ತಾನೆ. ಅಷ್ಟರಲ್ಲಿ ಓದಿ ಮುಗಿಯುವಷ್ಟು ಸುದ್ದಿ ಸಾಕು. ಚಂದಾ ವಸೂಲಿಯಿಲ್ಲ, ಮನೆಮನೆಗೆ ಹಾಕುವ ಖರ್ಚಿಲ್ಲ. ಹಣವೆಲ್ಲ ಜಾಹೀರಾತಿನವರದು.

ಈ ಗಾಳಿ ಲಂಡನ್ನಿಗೂ ಬೀಸಿತು. ‘ಡೈಲಿ ಮೇಲ್’ ಪತ್ರಿಕೆಯ ಒಡೆಯರು 1999ರ ಮಾರ್ಚಿಯಲ್ಲಿ ಅಲ್ಲಿಯೂ ‘ಮೆಟ್ರೋ’ ಎಂಬ ಹೆಸರಿನದೇ ಬೆಳಗಿನ ಪುಕ್ಕಟೆ ಪತ್ರಿಕೆ ತೆಗೆದರು. 2006ರಲ್ಲಿ ಸಂಜೆಗೂ ಪೈಪೋಟಿ ಹತ್ತಿತು. ಮರ್ಡಾಕ್ ಸಂಸ್ಥೆಯದು ‘ದಿ ಲಂಡನ್ ಪೇಪರ್’. ‘ಮೇಲ್’ ಒಡೆಯರದು ‘ಲಂಡನ್ ಲೈಟ್’. ವಿಚಿತ್ರವೆಂದರೆ, ಆ ಮುದುಕ ಮಾರುತ್ತಿದ್ದ ‘ಸ್ಟ್ಯಾಂಡರ್ಡ್’ ಕೂಡ ಆಗ ಇದೇ ‘ಮೇಲ್’ ಮನೆಯದು. ಒಂದೇ ಮನೆಯವರು ಒಂದು ಕೈಯಲ್ಲಿ ಮಾರಿ, ಇನ್ನೊಂದು ಕೈಯಲ್ಲಿ ದಾನ ಮಾಡಿದರೆ ಮಾರುವ ಕೈಗೆ ಗಿರಾಕಿ ಎಲ್ಲಿಂದ ಬರಬೇಕು?

‘ಸ್ಟ್ಯಾಂಡರ್ಡ್’ 1827ರಲ್ಲಿ ಹುಟ್ಟಿದ ಪತ್ರಿಕೆ. 2009ರ ಜನವರಿಯಲ್ಲಿ ಅದರ ಬಹುಪಾಲು ಒಡೆತನವನ್ನು ರಷ್ಯದ ಧನಿಕ ಅಲೆಕ್ಸಾಂಡರ್ ಲೆಬೆಡೆವ್ ಒಂದೇ ಒಂದು ಪೌಂಡಿಗೆ ಕೊಂಡರು. ಅದೇ ಅಕ್ಟೋಬರಿನಿಂದ ಅದೂ ಪುಕ್ಕಟೆಯಾಯಿತು. ಎರಡೂವರೆ ಲಕ್ಷದಷ್ಟಿದ್ದ ಪ್ರತಿಗಳು ಆರು ಲಕ್ಷಕ್ಕೇರಿದವು. ಸಂಜೆಯ ಇಬ್ಬರು ಎದುರಾಳಿಗಳೂ ಆ ವರ್ಷವೇ ಕಣ್ಮುಚ್ಚಿದರು. ಗೆದ್ದದ್ದು ‘ಸ್ಟ್ಯಾಂಡರ್ಡ್’ ಎಂದು ಎಲ್ಲರೂ ತಿಳಿದರು. ಮುದುಕನಿಗೆ ಮಾತ್ರ ಮಾರುವುದಕ್ಕೆ ಏನೂ ಉಳಿಯಲಿಲ್ಲ.

ಪುಕ್ಕಟೆ ಪತ್ರಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಎಂದೂ ಪತ್ರಿಕೆ ಕೊಳ್ಳದವನ ಕೈಗೂ ಅದು ನಾಲ್ಕು ಸುದ್ದಿ ಮುಟ್ಟಿಸಿತು; ಇದು ಸಣ್ಣ ಉಪಕಾರವಲ್ಲ. ಆದರೆ ಅದರ ನಿಜವಾದ ಗಿರಾಕಿ ಓದುಗನಲ್ಲ, ಜಾಹೀರಾತಿನವನು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸರಕೆಂದರೆ ಓದುಗನ ಆ ಇಪ್ಪತ್ತು ನಿಮಿಷ. ಮುಂದೆ ಸುರಂಗ ರೈಲಿಗೂ ಇಂಟರ್‌ನೆಟ್ ಬಂದು, ಆ ನಿಮಿಷಗಳು ಮೊಬೈಲಿನ ಪಾಲಾದವು. 2020ರಲ್ಲಿ ಕೊರೋನಾ ಬಂದು ರೈಲುಗಳೇ ಬರಿದಾದವು. ಆಮೇಲೂ ಎಷ್ಟೋ ಮಂದಿ ಮನೆಯಿಂದಲೇ ಕೆಲಸ ಮಾಡತೊಡಗಿದರು. ಸರಕೇ ಇಲ್ಲದ ಅಂಗಡಿಗೆ ಜಾಹೀರಾತಿನವನು ಏಕೆ ಬಂದಾನು? ಸ್ಟಾಕ್‌ಹೋಮಿನ ‘ಮೆಟ್ರೋ’ 2019ರಲ್ಲೇ ಅಚ್ಚು ನಿಲ್ಲಿಸಿತ್ತು. 2024ರ ಸೆಪ್ಟೆಂಬರಿನಲ್ಲಿ ‘ಸ್ಟ್ಯಾಂಡರ್ಡ್’ ಕೂಡ ದಿನಪತ್ರಿಕೆಯಾಗಿ ನಿಂತು, ವಾರಪತ್ರಿಕೆಯಾಯಿತು. ಹುಟ್ಟಿ ನೂರ ತೊಂಬತ್ತೇಳು ವರ್ಷವಾಗಿತ್ತು.

ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು 2007ರ ಆ ಸಂಜೆಯೇ. ಕೈಗೆ ಬಂದ ಎರಡು ಪತ್ರಿಕೆಗಳನ್ನೂ ನಾನು ತಿರುವಿಹಾಕಿ, ಇಳಿಯುವಾಗ ಉಳಿದವರಂತೆ ಆಸನದ ಮೇಲೆಯೇ ಬಿಟ್ಟುಬಂದಿದ್ದೆ. ಕಾಸು ಕೊಟ್ಟಿದ್ದರೆ ಮಡಿಸಿ ಕೋಣೆಗೆ ತಂದಿರುತ್ತಿದ್ದೆ. ಮರುದಿನ ಅವು ಬಾರದಿದ್ದರೂ ನಾನು ಯಾರನ್ನು ಕೇಳಬಹುದಿತ್ತು, ಯಾವ ಹಕ್ಕಿನಿಂದ?

ನಮ್ಮ ಮನೆಗೆ ಈ ತಿಂಗಳ ಬಿಲ್ಲು ನಿನ್ನೆ ಬಂತು. ತಂದೆಯವರಂತೆಯೇ ಗೊಣಗಿದೆ, ಗೊಣಗುತ್ತಲೇ ಕೊಟ್ಟೆ.