ಪುಟ್ಟ ಮಗುವಿನೊಂದಿಗೆ ವಿಮಾನಯಾನ: ಸಿದ್ಧತೆ ಹೇಗಿರಬೇಕು?

ಮಂಗಳೂರು: ಕರಾವಳಿಯ ಕುಟುಂಬಗಳಿಗೆ ಗಲ್ಫ್ ಪ್ರಯಾಣ ಹೊಸದಲ್ಲ. 2006ರಲ್ಲಿ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲೆ, ಬಸ್ಸಿನಲ್ಲಿ ಮುಂಬೈ ತಲುಪಿ ಅಲ್ಲಿಂದ ವಿಮಾನ ಹಿಡಿಯಬೇಕಾದ ಪಾಡು ಬಹುಮಟ್ಟಿಗೆ ತಪ್ಪಿದೆ. ಪತಿ ಅಲ್ಲಿ ಉದ್ಯೋಗದಲ್ಲಿರುತ್ತಾರೆ; ಹೆರಿಗೆಗೆಂದು ತವರಿಗೆ ಬಂದ ಪತ್ನಿ, ಕೆಲಕಾಲದ ಬಳಿಕ ಮಗುವಿನೊಂದಿಗೆ ಮರಳುತ್ತಾರೆ. ಮುಂದೆ ಪ್ರತಿ ರಜೆಗೂ ಇದೇ ಓಡಾಟ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಆಗಷ್ಟೇ ನಡೆಯಲು ಕಲಿತ ಮಗು. ಸುಮಾರು ಮೂರೂವರೆ ಗಂಟೆಯ ಪ್ರಯಾಣ ದೊಡ್ಡವರಿಗೆ ಒಂದು ನಿದ್ದೆಯ ಅವಧಿ. ಒಂಟಿಯಾಗಿ ಮಗುವನ್ನು ಕರೆದೊಯ್ಯುವ ತಾಯಿಗೆ ಅದು ದೀರ್ಘ ಪರೀಕ್ಷೆ.

ಈ ಪ್ರಯಾಣದ ಕಷ್ಟಸುಖಗಳು ಬಹುಮಟ್ಟಿಗೆ ಟಿಕೆಟ್ ಕಾಯ್ದಿರಿಸುವ ದಿನವೇ ನಿರ್ಧಾರವಾಗುತ್ತವೆ. ದಾಖಲೆ, ಆಸನ, ಔಷಧ ಮತ್ತು ಆಹಾರದ ವಿಷಯದಲ್ಲಿ ಪೋಷಕರು ಮುಂಚಿತವಾಗಿ ತಿಳಿದಿರಬೇಕಾದ ಅಂಶಗಳು ಇಲ್ಲಿವೆ. ಗಲ್ಫ್ ಪ್ರಯಾಣವನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡಿದ್ದರೂ ಇವುಗಳಲ್ಲಿ ಹೆಚ್ಚಿನವು ಯಾವುದೇ ದೂರದ ವಿಮಾನಯಾನಕ್ಕೆ ಅನ್ವಯಿಸುತ್ತವೆ.

ದಾಖಲೆಗಳು ಮೊದಲು

ಮಗು ಎಷ್ಟೇ ಚಿಕ್ಕದಿದ್ದರೂ ವಿದೇಶ ಪ್ರಯಾಣಕ್ಕೆ ಅದಕ್ಕೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಜನ್ಮ ದಿನಾಂಕದ ಪುರಾವೆಯ ವಿಷಯದಲ್ಲಿ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಿದ್ದುಪಡಿ ಮಾಡಿದೆ. ಅದರಂತೆ 2023ರ ಅಕ್ಟೋಬರ್ 1ರಂದು ಹಾಗೂ ಆನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೊಂದೇ ಅಂಗೀಕೃತ ಪುರಾವೆ. ಆಸ್ಪತ್ರೆಯಿಂದ ಹೋದ ಮೊದಲ ನೋಂದಣಿಯಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುವುದು ಸಾಮಾನ್ಯ. ಆದ್ದರಿಂದ ನಾಮಕರಣವಾದ ಕೂಡಲೇ ಹೆಸರು ಸೇರಿಸಿದ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು.

ಅರ್ಜಿಯೊಂದಿಗೆ ತಂದೆ ತಾಯಿಯ ಒಪ್ಪಿಗೆಯ ಘೋಷಣೆ (ಅನುಬಂಧ ‘ಡಿ’) ಸಲ್ಲಿಸಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಭಾವಚಿತ್ರವನ್ನೂ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಒಯ್ಯಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಶುಲ್ಕದಲ್ಲಿ ಶೇ 10ರ ರಿಯಾಯಿತಿ ಇದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ. ಆದರೆ ಗಲ್ಫ್ ರಾಷ್ಟ್ರಗಳ ಪ್ರವೇಶಕ್ಕೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ತಾಯಿಯ ವೀಸಾದ ಕಡೆಗೂ ಗಮನವಿರಲಿ. ಸಂಯುಕ್ತ ಅರಬ್ ಎಮಿರೇಟ್ಸ್‌ನ ನಿವಾಸ ವೀಸಾ ಹೊಂದಿದವರು ಆರು ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದ ಹೊರಗಿದ್ದರೆ ಅದು ಸಾಮಾನ್ಯವಾಗಿ ಅಸಿಂಧುವಾಗುತ್ತದೆ. ಬಾಣಂತನಕ್ಕೆ ಬಂದವರು ಈ ಲೆಕ್ಕ ತಪ್ಪಿದರೆ ಮಗುವಿನ ವೀಸಾ ಕೈಸೇರಿದ್ದರೂ ತಾಯಿ ಹೊರಡಲಾಗದ ಪರಿಸ್ಥಿತಿ ಎದುರಾದೀತು.

ಎರಡನೇ ಹುಟ್ಟುಹಬ್ಬದ ಲೆಕ್ಕ

ವಿಮಾನಯಾನದ ನಿಯಮಗಳಲ್ಲಿ ಎರಡು ವರ್ಷ ತುಂಬದ ಮಗು ‘ಇನ್‌ಫೆಂಟ್’. ಅದಕ್ಕೆ ಪ್ರತ್ಯೇಕ ಆಸನವಿಲ್ಲ. ದೊಡ್ಡವರ ಮಡಿಲಿನಲ್ಲಿ ಪ್ರಯಾಣಿಸಬಹುದು. ಅಂತಾರಾಷ್ಟ್ರೀಯ ಮಾರ್ಗಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು ಇಲ್ಲವೇ ನಿಗದಿತ ಮೊತ್ತವೊಂದನ್ನು ವಿಧಿಸಲಾಗುತ್ತದೆ. ಎರಡು ತುಂಬಿದ ಮಗುವಿಗೆ ಸ್ವಂತ ಆಸನ ಕಡ್ಡಾಯ.

ಇಲ್ಲಿ ಅನೇಕರು ಎಡವುವ ಅಂಶವೊಂದಿದೆ. ವಯಸ್ಸನ್ನು ಟಿಕೆಟ್ ಖರೀದಿಸಿದ ದಿನದಿಂದ ಲೆಕ್ಕ ಹಾಕುವುದಿಲ್ಲ. ಪ್ರತಿಯೊಂದು ಪ್ರಯಾಣದ ದಿನ ಮಗುವಿನ ವಯಸ್ಸು ಎಷ್ಟು ಎಂಬುದನ್ನು ಪರಿಗಣಿಸಲಾಗುತ್ತದೆ. ಜುಲೈ 10ಕ್ಕೆ ಎರಡು ವರ್ಷ ತುಂಬುವ ಮಗು ಜೂನ್ 25ರಂದು ಹೊರಟು ಜುಲೈ 20ರಂದು ಮರಳುವುದಾದರೆ, ಹೋಗುವಾಗ ಮಡಿಲು ಸಾಕು. ಬರುವಾಗ ಆಸನ ಬೇಕು. ಇದನ್ನು ಮೊದಲೇ ಗಮನಿಸದಿದ್ದರೆ ಮರಳುವ ದಿನ ಕೌಂಟರಿನಲ್ಲಿ ದುಬಾರಿ ದರ ತೆರಬೇಕಾದೀತು, ಆಸನವೇ ಸಿಗದಿರಲೂಬಹುದು.

ಒಬ್ಬ ವಯಸ್ಕರ ಮಡಿಲಿನಲ್ಲಿ ಒಂದೇ ಮಗುವಿಗೆ ಅವಕಾಶ. ಅವಳಿ ಮಕ್ಕಳಿದ್ದರೆ ಇನ್ನೊಬ್ಬ ವಯಸ್ಕರು ಅಥವಾ ಮತ್ತೊಂದು ಆಸನ ಬೇಕಾಗುತ್ತದೆ. ಆಸನಗಳ ಮೇಲ್ಭಾಗದಲ್ಲಿ ಹೆಚ್ಚುವರಿ ಆಮ್ಲಜನಕ ಮುಸುಕುಗಳು ಸೀಮಿತವಾಗಿರುವುದರಿಂದ, ಒಂದೇ ಸಾಲಿನಲ್ಲಿ ಮಡಿಲ ಮಕ್ಕಳಿರುವ ಇಬ್ಬರನ್ನು ಅಕ್ಕಪಕ್ಕ ಕೂರಿಸಲು ಸಿಬ್ಬಂದಿ ಒಪ್ಪದಿರುವುದುಂಟು. ತುರ್ತು ನಿರ್ಗಮನದ ಸಾಲಿನಲ್ಲಂತೂ ಮಕ್ಕಳಿಗೆ ಆಸನ ಕೊಡುವುದಿಲ್ಲ.

ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಅದೇ ಟಿಕೆಟಿನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಪಕ್ಕದಲ್ಲಿ ಆಸನ ನೀಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಎರಡು ದಾಟಿದ ಮಗುವಿನ ಆಸನ ಬೇರೆಡೆ ಹಂಚಿಕೆಯಾಗಿದ್ದರೆ ಪೋಷಕರು ಇದನ್ನು ಉಲ್ಲೇಖಿಸಿ ಬದಲಾವಣೆ ಕೇಳಬಹುದು.

ಮಡಿಲೋ, ಆಸನವೋ?

ಎರಡು ವರ್ಷದ ಗಡಿ ದರದ ರಿಯಾಯಿತಿಗೆ ಸಂಬಂಧಿಸಿದ್ದು. ಅಲ್ಲಿಯವರೆಗೆ ಮಡಿಲು ಸುರಕ್ಷಿತ ಎಂಬ ಅರ್ಥ ಅದಕ್ಕಿಲ್ಲ. ಈ ವ್ಯತ್ಯಾಸ ಜಗತ್ತಿನ ಗಮನಕ್ಕೆ ಬಂದದ್ದು ಒಂದು ದುರಂತದಿಂದ.

1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ವಿಮಾನ ನಿಯಂತ್ರಣ ವ್ಯವಸ್ಥೆ ಕಳೆದುಕೊಂಡು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಯುವಾಗ ಅಪಘಾತಕ್ಕೀಡಾಯಿತು. ಅದರಲ್ಲಿ ನಾಲ್ಕು ಮಡಿಲ ಮಕ್ಕಳಿದ್ದರು. ಅಂದಿನ ಕ್ರಮದಂತೆ ಮಕ್ಕಳನ್ನು ನೆಲದ ಮೇಲೆ ಇಟ್ಟು ಹಿಡಿದುಕೊಳ್ಳುವಂತೆ ತಾಯಂದಿರಿಗೆ ತಿಳಿಸಲಾಗಿತ್ತು. ಇನ್ನೂ ಎರಡು ತುಂಬದ ಒಂದು ಮಗು ಬದುಕುಳಿಯಲಿಲ್ಲ. ವಿಮಾನದ ಮುಖ್ಯ ಪರಿಚಾರಿಕೆಯಾಗಿದ್ದ ಜ್ಯಾನ್ ಬ್ರೌನ್, ಪ್ರತಿ ಮಗುವಿಗೂ ಆಸನ ಹಾಗೂ ಪಟ್ಟಿ ಕಡ್ಡಾಯವಾಗಬೇಕೆಂದು ಮುಂದೆ ದಶಕಗಳ ಕಾಲ ಹೋರಾಡಿದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೂ ಇದನ್ನೇ ಶಿಫಾರಸು ಮಾಡಿತು. ಆದರೆ ಅಲ್ಲಿನ ವಿಮಾನಯಾನ ಆಡಳಿತ 2005ರಲ್ಲಿ ಇದನ್ನು ಕಡ್ಡಾಯಗೊಳಿಸಲು ನಿರಾಕರಿಸಿತು. ಆಸನದ ವೆಚ್ಚ ಹೆಚ್ಚಿದರೆ ಕುಟುಂಬಗಳು ರಸ್ತೆ ಪ್ರಯಾಣಕ್ಕೆ ತಿರುಗುತ್ತವೆ, ರಸ್ತೆಯಲ್ಲಿ ಅಪಾಯ ಇನ್ನೂ ಹೆಚ್ಚು ಎಂಬುದು ಅದರ ವಾದ. ಆದರೂ ಮಗುವಿಗೆ ಪ್ರತ್ಯೇಕ ಆಸನವೇ ಸುರಕ್ಷಿತ ಎಂದು ಅದೇ ಆಡಳಿತ ಪೋಷಕರಿಗೆ ಸಲಹೆ ನೀಡುತ್ತದೆ.

ಆಗಸದಲ್ಲಿ ಕುಲುಕಾಟ ಮುನ್ಸೂಚನೆಯಿಲ್ಲದೆ ಬರಬಹುದು. ಹತ್ತು ಕಿಲೋ ತೂಕದ ಮಗುವನ್ನು ಅಂಥ ಕ್ಷಣದಲ್ಲಿ ಕೇವಲ ತೋಳಿನಿಂದ ಹಿಡಿದಿಡುವುದು ಎಷ್ಟೇ ಬಲಶಾಲಿಗೂ ಕಷ್ಟ. ಕೈಯಲ್ಲಿ ಹಣದ ಅನುಕೂಲವಿದ್ದರೆ, ಮಗುವಿಗೆ ಎರಡು ತುಂಬುವ ಮೊದಲೇ ಆಸನ ಖರೀದಿಸಬಹುದು. ಮಕ್ಕಳ ಕಾರ್ ಸೀಟ್ ಬಳಸುವುದಾದರೆ ಅದರ ಮೇಲೆ ವಿಮಾನದಲ್ಲಿ ಬಳಸಲು ಯೋಗ್ಯವೆಂಬ ಮುದ್ರೆ ಇರಬೇಕು. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿರಬೇಕು.

ಆಸನ ಖರೀದಿ ಸಾಧ್ಯವಾಗದವರು ಮಡಿಲ ಮಗುವಿನ ಹೆಚ್ಚುವರಿ ಪಟ್ಟಿಯನ್ನು ಗಗನಸಖಿಯರಿಂದ ಕೇಳಿ ಪಡೆಯಬೇಕು. ಮೊದಲು ತಾಯಿ ತನ್ನ ಪಟ್ಟಿ ಬಿಗಿದುಕೊಂಡು, ಅದಕ್ಕೆ ಪೋಣಿಸಿದ ಕಿರುಪಟ್ಟಿಯನ್ನು ಮಗುವಿಗೆ ಕಟ್ಟಬೇಕು. ತನ್ನ ಪಟ್ಟಿಯೊಳಗೇ ಮಗುವನ್ನೂ ಸೇರಿಸಿ ಬಿಗಿಯುವುದು ಅಪಾಯಕರ. ವಿಮಾನ ಹಠಾತ್ತನೆ ನಿಂತಾಗ ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಆಮ್ಲಜನಕ ಮುಸುಕು ಕೆಳಗಿಳಿದರೆ ಮೊದಲು ತಾಯಿ ಧರಿಸಬೇಕು, ನಂತರ ಮಗುವಿಗೆ ತೊಡಿಸಬೇಕು. ಅತಿ ಎತ್ತರದಲ್ಲಿ ಗಾಳಿಯ ಒತ್ತಡ ಕುಸಿದರೆ ಒಂದು ನಿಮಿಷದೊಳಗೇ ಎಚ್ಚರ ತಪ್ಪಬಹುದು. ತಾಯಿ ಎಚ್ಚರ ತಪ್ಪಿದರೆ ಮಗುವಿಗೆ ನೆರವಾಗುವವರೇ ಇರುವುದಿಲ್ಲ.

ಕಿವಿನೋವು ಏಕೆ?

ಹಾರಾಟದ ವೇಳೆ ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಕಡಲತಡಿಯ ಮಗು ಅರ್ಧ ಗಂಟೆಯೊಳಗೆ ಅಂಥ ತುದಿ ಏರಿ, ಮತ್ತೆ ಅಷ್ಟೇ ಬೇಗ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗುವುದು ಇದೇ ಕಾರಣಕ್ಕೆ.

ನಡುಗಿವಿಯನ್ನು ಗಂಟಲಿನ ಹಿಂಭಾಗಕ್ಕೆ ಸೇರಿಸುವ ಯುಸ್ಟೇಶಿಯನ್ ನಾಳ ಒತ್ತಡವನ್ನು ಸರಿದೂಗಿಸುತ್ತದೆ. ಮಕ್ಕಳಲ್ಲಿ ಈ ನಾಳ ಕಿರಿದು. ನುಂಗಿದಾಗ ಅದು ತೆರೆದುಕೊಳ್ಳುತ್ತದೆ. ಆದ್ದರಿಂದ ಮೇಲೇರುವಾಗ, ಅದಕ್ಕಿಂತ ಮುಖ್ಯವಾಗಿ ಕೆಳಗಿಳಿಯುವಾಗ, ಮಗುವಿಗೆ ಎದೆಹಾಲು, ನೀರು ಅಥವಾ ಬಾಟಲಿ ಹಾಲು ಕೊಡಬೇಕು. ಇಳಿಕೆ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಆರಂಭವಾಗುವುದರಿಂದ, ನಿದ್ರಿಸುತ್ತಿರುವ ಮಗುವನ್ನು ಆಗಲೇ ಎಬ್ಬಿಸುವುದು ಮೇಲು. ಮೂಗು ಕಟ್ಟಿದ್ದರೆ ಅಥವಾ ಕಿವಿಯ ಸೋಂಕಿದ್ದರೆ ಪ್ರಯಾಣಕ್ಕೆ ಮುನ್ನ ಮಕ್ಕಳ ವೈದ್ಯರನ್ನು ಕಾಣಬೇಕು.

ನಿದ್ದೆಯ ಔಷಧ ಬೇಡ

ಮಗು ಅಳದಿರಲೆಂದು ಶೀತದ ಔಷಧ ಕುಡಿಸಿ ಮಲಗಿಸುವ ಪರಿಪಾಠ ಕೆಲವರಲ್ಲಿದೆ. ಇದು ಸರಿಯಲ್ಲ. ಇಂಥ ಔಷಧಗಳಿಂದ ಕೆಲವು ಮಕ್ಕಳು ಮಲಗುವ ಬದಲು ಮತ್ತಷ್ಟು ಚಡಪಡಿಸುತ್ತವೆ. ಪ್ರಮಾಣ ಮೀರಿದರೆ ಉಸಿರಾಟಕ್ಕೇ ತೊಂದರೆಯಾಗಬಹುದು. ಶೀತಕ್ಕೆ ಬಳಸುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಮಗು ಸಹಜವಾಗಿ ಮಲಗುವ ಸಮಯಕ್ಕೆ ಹೊಂದುವ ವಿಮಾನವನ್ನು ಆಯ್ದುಕೊಳ್ಳುವುದೇ ಉತ್ತಮ ಉಪಾಯ.

ಚೀಲದಲ್ಲಿ ಏನಿರಬೇಕು, ಏನಿರಬಾರದು?

ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ದ್ರವಗಳಿಗೆ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ನಿರ್ಬಂಧವಿದೆ. ಆದರೆ ಪ್ರಯಾಣದ ಅವಧಿಗೆ ಬೇಕಾಗುವಷ್ಟು ಹಾಲು, ಮಗುವಿನ ಆಹಾರ ಹಾಗೂ ಔಷಧಕ್ಕೆ ವಿನಾಯಿತಿ ಉಂಟು. ತಪಾಸಣೆಯ ವೇಳೆ ಅವನ್ನು ಪ್ರತ್ಯೇಕವಾಗಿ ತೋರಿಸಬೇಕು. ರಾಗಿ ಮಣ್ಣಿ, ಮೆತ್ತಗಿನ ಇಡ್ಲಿ, ಬಾಳೆಹಣ್ಣು ಮಗುವಿಗೆ ಪರಿಚಿತವಾದ ಆಹಾರ; ಪ್ರಯಾಣದ ದಿನ ಹೊಸ ರುಚಿಯ ಪ್ರಯೋಗ ಬೇಡ. ನೆಲಗಡಲೆ, ಇಡೀ ದ್ರಾಕ್ಷಿ ಮುಂತಾದವು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಕೊಡಬಾರದು. ವಿಮಾನದ ಒಳಗಿನ ಗಾಳಿ ಬಹಳ ಒಣದಾಗಿರುವುದರಿಂದ ಆಗಾಗ ನೀರು ಕುಡಿಸಬೇಕು. ವಿಮಾನ ತಡವಾಗುವ ಸಂಭವವಿರುವುದರಿಂದ ಡೈಪರ್‌ಗಳನ್ನು ಲೆಕ್ಕಕ್ಕಿಂತ ಹೆಚ್ಚೇ ಇಟ್ಟುಕೊಳ್ಳಬೇಕು. ಮಗುವಿಗೆ ಎರಡು ಜೊತೆ, ತಾಯಿಗೂ ಒಂದು ಜೊತೆ ಬದಲಿ ಉಡುಪು ಕೈಚೀಲದಲ್ಲಿರಲಿ.

ಇನ್ನು ಕೊಂಡೊಯ್ಯಬಾರದ ವಸ್ತುಗಳು. ಮೊಮ್ಮಗುವಿಗೆ ಪಾಯಸವಾಗಲಿ ಎಂದು ಅಜ್ಜಿ ಪ್ರೀತಿಯಿಂದ ಕಟ್ಟಿಕೊಡುವ ಗಸಗಸೆ ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಮುಂತಾದ ದೇಶಗಳಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಅಲ್ಲಿ ಅದು ಮಾದಕ ವಸ್ತು ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಒಂದು ಚಿಕ್ಕ ಪೊಟ್ಟಣವೂ ಬಂಧನಕ್ಕೆ ಕಾರಣವಾಗಬಹುದು. ಮನೆಯಲ್ಲಿ ಪುಡಿ ಮಾಡಿದ ಮಸಾಲೆಯಲ್ಲಿ ಗಸಗಸೆ ಬೆರೆತಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳೂ ಅಲ್ಲಿ ನಿಯಂತ್ರಿತ. ಅವು ಅನಿವಾರ್ಯವಾದಲ್ಲಿ ವೈದ್ಯರ ಚೀಟಿಯೊಂದಿಗೆ ಅಲ್ಲಿನ ಆರೋಗ್ಯ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕು.

ಪ್ರಯಾಣದ ದಿನ

ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣ ತಲುಪುವುದು ವಾಡಿಕೆ. ಮಡಚುವ ತಳ್ಳುಗಾಡಿಯನ್ನು ಹೆಚ್ಚಿನ ಸಂಸ್ಥೆಗಳು ಉಚಿತವಾಗಿ ಸಾಗಿಸುತ್ತವೆ. ವಿಮಾನದ ಬಾಗಿಲವರೆಗೆ ಒಯ್ಯಲು ಅವಕಾಶವಿದೆಯೇ ಎಂದು ಕೌಂಟರಿನಲ್ಲಿ ಕೇಳಬೇಕು. ಒಂಟಿ ನಡುದಾರಿಯ ವಿಮಾನಗಳಲ್ಲಿ ಗೋಡೆಗೆ ತಗುಲಿಸುವ ತೊಟ್ಟಿಲು ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ವಿಮಾನಗಳಲ್ಲಿ ಇದ್ದರೂ ಅದಕ್ಕೆ ತೂಕದ ಮಿತಿಯಿದ್ದು, ನಡೆಯುವ ವಯಸ್ಸಿನ ಮಗುವಿಗೆ ಬಹುಪಾಲು ಸಾಲದು. ಕಾಯುವ ಹೊತ್ತಿನಲ್ಲಿ ಮಗುವನ್ನು ಕೂರಿಸಿಡುವ ಬದಲು ಸಾಕಷ್ಟು ನಡೆದಾಡಿಸಿದರೆ ಒಳಗೆ ಅದು ಬೇಗ ನಿದ್ದೆ ಹೋದೀತು.

ದುಬೈ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಗುವಿನ ಹಸಿವು ಮಾತ್ರ ಒಂದೆರಡು ದಿನ ಊರಿನ ಹೊತ್ತಿಗೇ ಏಳುತ್ತದೆ. ಇಳಿದ ದಿನವೇ ಬಂಧುಗಳ ಮನೆ ಸುತ್ತುವ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ಲೇಸು.

ಹೊರಡುವ ಮುನ್ನ ನೆನಪಿಡಿ

* ಮಗುವಿನ ಪಾಸ್‌ಪೋರ್ಟ್, ವೀಸಾ, ಹೆಸರಿರುವ ಜನನ ಪ್ರಮಾಣಪತ್ರ ಮತ್ತು ಅವುಗಳ ಪ್ರತಿಗಳು.
* ತಾಯಿ ಕಾರ್ಡ್ ಅಥವಾ ಲಸಿಕೆಯ ದಾಖಲೆ. ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಸರದಿ 16ರಿಂದ 24 ತಿಂಗಳ ನಡುವೆ ಬರುತ್ತದೆ. ಬಾಕಿಯಿದ್ದರೆ ಮೊದಲೇ ಹಾಕಿಸಬೇಕು.
* ಹೋಗುವ ಮತ್ತು ಮರಳುವ ಎರಡೂ ದಿನಗಳಂದು ಮಗುವಿನ ವಯಸ್ಸು.
* ಇಳಿಯುವ ವೇಳೆಗೆ ಉಳಿಸಿಟ್ಟುಕೊಂಡ ಹಾಲು ಅಥವಾ ನೀರು.
* ಮಡಿಲ ಮಗುವಿನ ಪಟ್ಟಿ. ವಿಮಾನ ಚಲಿಸುವ ಮೊದಲೇ ಕೇಳಿ ಪಡೆಯಬೇಕು.
* ಮನೆಯವರು ಕಟ್ಟಿಕೊಟ್ಟ ಪ್ರತಿಯೊಂದು ಪೊಟ್ಟಣವನ್ನೂ ಬಿಚ್ಚಿ ನೋಡಿದ ಖಾತರಿ.

ಇಷ್ಟೆಲ್ಲ ಸಿದ್ಧತೆಯ ನಂತರವೂ ಮಗು ಅಳಬಹುದು. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಅಕ್ಕಪಕ್ಕದ ಪ್ರಯಾಣಿಕರು ಗೊಣಗುವ ಬದಲು ಚೀಲ ಎತ್ತಿಡಲು ಒಂದು ಕೈ ನೀಡಿದರೂ ಒಂಟಿ ತಾಯಿಯ ಅರ್ಧ ಭಾರ ಇಳಿಯುತ್ತದೆ.